ಪ್ರೆಷರ್ ಇಳಿಸಿದ ಬೋರಲಿಂಗ

ನಮ್ಮೂರೂ ಅಲ್ಲ, ನಿಮ್ಮೂರೂ ಅಲ್ಲ, ಎರಡರ ನಡುವೆ ಬಸ್ಸು ನಿಲ್ಲುವ ಒಂದು ಊರು. ಊರಿನ ಬೆನ್ನಿಗೆ ಒಂದು ಕಲ್ಲುಗುಡ್ಡ. ಗುಡ್ಡದ ಬುಡದಲ್ಲಿ ಬಸ್‌ಸ್ಟ್ಯಾಂಡು. ಬಸ್‌ಸ್ಟ್ಯಾಂಡಿನ ಪಕ್ಕದಲ್ಲೇ ಪುಟ್ಟಸಿದ್ದಮ್ಮನ ತಟ್ಟೆ ಇಡ್ಲಿ ಅಂಗಡಿ. ಆ ಪುಟ್ಟಸಿದ್ದಮ್ಮನಿಗೆ ಗಂಡ ಇಲ್ಲ, ಒಬ್ಬನೇ ಮಗ. ಹೆಸರು ಬೋರಲಿಂಗ.

ಆಳು ನೋಡಿದರೆ ಆಳು. ಬಾಗಿಲಿಗೆ ತಲೆ ತಗಲುವಷ್ಟು ಎತ್ತರ, ರುಬ್ಬುವ ಕಲ್ಲನ್ನು ಎತ್ತಿ ಆಚೆಗಿಟ್ಟು ಅದರಡಿ ಗುಡಿಸುವಷ್ಟು ಕಸುವು. ಹೇಳಿದ ಕೆಲಸ ಇಲ್ಲ ಅನ್ನುವವನಲ್ಲ. ಹೇಳಿದ್ದನ್ನು ಮಾಡುತ್ತಿದ್ದ, ಹೇಳಿದಷ್ಟೇ ಮಾಡುತ್ತಿದ್ದ, ಹೇಳಿದ ಹಾಗೇ ಮಾಡುತ್ತಿದ್ದ. ಹಾಲು ಉಕ್ಕುತ್ತೇನೋ ನೋಡ್ತಿರಪ್ಪ ಅಂತ ಅವ್ವ ಹೇಳಿ ಹೋದರೆ ನೋಡುತ್ತಲೇ ನಿಂತಿದ್ದು, ಅವಳು ಬಂದ ಮೇಲೆ, ಉಕ್ಕಿತು ಕಣವ್ವ, ಚೆನ್ನಾಗೇ ಉಕ್ಕಿತು ಅಂತ ಒಪ್ಪಿಸುತ್ತಿದ್ದ. ಊರಲ್ಲಿ ಬೇರೆ ತಾಯಂದಿರು ಮಗ ಹೇಳಿದ ಮಾತು ಕೇಳಲ್ಲ ಅಂತ ಅಳುತ್ತಿದ್ದರು. ಪುಟ್ಟಸಿದ್ದಮ್ಮ ಮಗ ಹೇಳಿದ ಮಾತು ಕೇಳುತ್ತಾನೆ ಅಂತ ಅಳುತ್ತಿದ್ದಳು.

ಅವಳಿಗೂ ವಯಸ್ಸಾಗುತ್ತಾ ಬಂದಿತ್ತು. ಬೆಳಗಿನ ಜಾವ ಹಬೆಯ ಮುಂದೆ ನಿಂತರೆ ಒಂದೊಂದು ಸಲ ತಲೆ ಸುತ್ತುತ್ತಿತ್ತು. ತನ್ನ ಕೈ ನಿಂತುಹೋಗುವುದರೊಳಗೆ ಇವನನ್ನು ಎಲ್ಲಾದರೂ ಒಂದು ಕೆಲಸಕ್ಕೆ ಹಚ್ಚಿಬಿಟ್ಟರೆ ಸಾಕು ಅನ್ನುವುದೊಂದೇ ಅವಳ ಯೋಚನೆ.

ಒಂದು ಬೆಳಿಗ್ಗೆ ಮೊದಲ ಬಸ್ಸಿನ ಜನ ಇಡ್ಲಿಗೆ ಮುಗಿಬಿದ್ದಿದ್ದರು. ಆ ಗಡಿಬಿಡಿಯಲ್ಲೇ ಹೊಸ ಎಣ್ಣೆ ಡಬ್ಬ ಬಂತು. ಪುಟ್ಟಸಿದ್ದಮ್ಮ ತಟ್ಟೆಯಿಂದ ಕಣ್ಣೆತ್ತದೆ, ಡಬ್ಬಕ್ಕೊಂದು ತೂತು ಹೊಡೆದು ಎಣ್ಣೆಯನ್ನು ಪಾತ್ರೆಗೆ ಬಗ್ಗಿಸಪ್ಪ ಅಂದಳು. ಬೋರಲಿಂಗ ಹಿತ್ತಲಿಗೆ ಹೋದ. ಮೊಳೆ ತಗೊಂಡ, ಕಲ್ಲು ತಗೊಂಡ, ಒಂದು ತೂತು ಹೊಡೆದ, ಡಬ್ಬವನ್ನು ಬೋರಲು ಹಾಕಿ ಹಿಡಿದ. ಗುಳಕ್ ಅಂತ ಒಂದು ಗುಟುಕು ಎಣ್ಣೆ ಬಂತು. ಆಮೇಲೆ ನಿಂತಿತು. ಅವನು ನಿಲ್ಲಿಸಲಿಲ್ಲ. ಬಗ್ಗಿಸು ಅಂತ ಹೇಳಿದ್ದರು, ಸಾಕು ಅಂತ ಇನ್ನೂ ಯಾರೂ ಹೇಳಿರಲಿಲ್ಲ.

ಮೊದಲ ಬಸ್ಸು ಹೋಯಿತು. ಎರಡನೆಯದು ಬಂದು ಅದೂ ಹೋಯಿತು. ಬಿಸಿಲು ನೆತ್ತಿಗೆ ಬಂದ ಮೇಲೆ ಪುಟ್ಟಸಿದ್ದಮ್ಮ ಹಿತ್ತಲಿಗೆ ಬಂದು ನೋಡುತ್ತಾಳೆ, ಮಗ ಡಬ್ಬ ಬೋರಲು ಹಿಡಿದುಕೊಂಡು ನಿಂತಿದ್ದಾನೆ. ತೋಳು ನಡುಗುತ್ತಿದೆ. ತೂತಿನ ಬಾಯಲ್ಲಿ ಒಂದು ಹನಿ ಎಣ್ಣೆ ಬೀಳಲೋ ಬೇಡವೋ ಅಂತ ನೇತಾಡುತ್ತಿದೆ.

"ಏನ್ಲಾ ಇದು?"

"ಬಗ್ಗಿಸ್ತಾ ಇದೀನಿ ಕಣವ್ವ. ಅದೇ ಬರ್ತಾ ಇಲ್ಲ."

ಪುಟ್ಟಸಿದ್ದಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದಳು. ಒಳಗಿನ ಎಣ್ಣೆ ಹೊರಗೆ ಬರಬೇಕಾದರೆ ಅದರ ಜಾಗಕ್ಕೆ ಗಾಳಿ ಹೋಗಬೇಕಪ್ಪ. ಇಲ್ಲದಿದ್ದರೆ ಹೊರಗಿನ ಗಾಳಿ ತೂತಿನ ಬಾಯಿಗೆ ಅಂಗೈ ಒತ್ತಿದ ಹಾಗೆ ಒತ್ತಿಕೊಂಡಿರುತ್ತೆ, ಎಣ್ಣೆ ಬಿಡಲ್ಲ. ಒಂದು ತೂತಿನಿಂದ ಏನೂ ನಡೆಯಲ್ಲ. ಒಂದು ತೂತು ಕಂಡರೆ ಅದರ ಎದುರಿಗೆ ಇನ್ನೊಂದು ಹೊಡಿ. ಅಲ್ಲಿಂದ ಗಾಳಿ ಒಳಗೆ ಹೋಗುತ್ತೆ, ಕೆಲಸ ಸಲೀಸಾಗುತ್ತೆ. ನೆನಪಿಟ್ಟುಕೋ ಅಂದಳು.

ನೆನಪಿಟ್ಟುಕೊಂಡ. ನೆನಪಿನ ವಿಷಯದಲ್ಲಿ ಬೋರಲಿಂಗನನ್ನು ದೂರುವ ಹಾಗೇ ಇರಲಿಲ್ಲ.

ಅಂಗಡಿಯ ಎದುರಿಗೆ ರಸ್ತೆ ದಾಟಿದರೆ ದಸ್ತಗೀರ್ ಸಾಬರ ಸೈಕಲ್ ಶಾಪು. ಸಾಬರು ಸಮಾಧಾನದ ಮನುಷ್ಯ, ದಿನಾ ಸಂಜೆ ಎರಡು ಇಡ್ಲಿ ತಿನ್ನಲು ಬರುವವರು. ಪುಟ್ಟಸಿದ್ದಮ್ಮ ಅವರ ಹತ್ತಿರ ಬಾಯಿಬಿಟ್ಟು ಕೇಳಿದಳು. ಕಳಿಸಮ್ಮ, ಪಂಪು ಹೊಡೆಯೋಕೆ ನನಗೂ ಒಬ್ಬ ಬೇಕು ಅಂದರು ಸಾಬರು. ಬೋರಲಿಂಗ ಸೈಕಲ್ ಶಾಪು ಸೇರಿದ.

ಮೊದಮೊದಲು ಚೆನ್ನಾಗೇ ನಡೆಯಿತು. ಅವನು ಪಂಪು ಹಿಡಿದರೆ ಚಕ್ರ ಕಲ್ಲಿನ ಹಾಗಾಗುತ್ತಿತ್ತು. ಸಾಕು ಅಂತ ಹೇಳದಿದ್ದರೆ ಟಯರು ಹೊಟ್ಟೆ ಬಿಡುವವರೆಗೂ ಹೊಡೆಯುತ್ತಿದ್ದ, ಅದಕ್ಕೇ ಸಾಬರು ಹೊತ್ತು ಹೊತ್ತಿಗೆ ಸಾಕು ಅನ್ನುವುದನ್ನು ಅಭ್ಯಾಸ ಮಾಡಿಕೊಂಡರು. ಆಮೇಲೆ ಒಂದು ಶುಕ್ರವಾರ ಸಾಬರು ನಮಾಜಿಗೆ ಹೋಗಿದ್ದಾಗ ಹೈಸ್ಕೂಲ್ ಮೇಷ್ಟರು ಸೈಕಲ್ ತಳ್ಳಿಕೊಂಡು ಬಂದರು. ಹಿಂದಿನ ಚಕ್ರ ಪಂಚರ್ರು. ಬೋರಲಿಂಗ ಸಾಬರು ಮಾಡುತ್ತಿದ್ದ ಹಾಗೇ ಟ್ಯೂಬು ಬಿಚ್ಚಿದ, ಗಾಳಿ ತುಂಬಿದ, ಬಾಣಲಿಯ ನೀರಿನಲ್ಲಿ ಅದ್ದಿದ, ಗುಳ್ಳೆ ಬರುವ ಜಾಗ ಹುಡುಕಿದ. ಮೇಷ್ಟರು ಹುಡುಗ ಚುರುಕಾಗಿದ್ದಾನೆ ಅಂದುಕೊಂಡರು. ಅಷ್ಟರಲ್ಲಿ ಅವನು ದಬ್ಬಳ ತಗೊಂಡು, ಸಿಕ್ಕಿದ ತೂತಿಗೆ ಸರಿಯಾಗಿ ಎದುರಿಗೆ ಇನ್ನೊಂದು ತೂತು ಹೊಡೆದ.

ಮೇಷ್ಟರು ತಲೆ ಚಚ್ಚಿಕೊಂಡರು. ಬೋರಲಿಂಗನೇ ಅವರಿಗೆ ಸಮಾಧಾನ ಹೇಳಿದ. ಒಂದೇ ಇತ್ತು ಸಾರ್, ಅದಕ್ಕೇ ನಿಮಗೆ ತೊಂದರೆ ಆಗ್ತಿತ್ತು. ಇನ್ನು ಈ ಕಡೆಯಿಂದ ಗಾಳಿ ಒಳಗೆ ಬರುತ್ತೆ ಅಂದ. ಗೋಡೆಯ ಮೇಲೆ ರಿಪೇರಿಗೆ ಬಂದ ಬೇರೆ ಟ್ಯೂಬುಗಳು ನೇತಾಡುತ್ತಿದ್ದವು. ಇಳಿಸಿ ನೋಡಿದ. ಪಾಪ, ಎಲ್ಲಕ್ಕೂ ಒಂದೊಂದೇ ತೂತು. ಕುಳಿತುಕೊಂಡು ಅಷ್ಟಕ್ಕೂ ಎರಡನೆಯದು ಹೊಡೆದು ಮುಗಿಸಿದ.

ಸಾಬರು ಬಂದು ನೋಡಿದರು. ಟೋಪಿ ತೆಗೆದರು, ತಲೆ ಒರೆಸಿಕೊಂಡರು, ಟೋಪಿ ಹಾಕಿಕೊಂಡರು. ಕೂಗಾಡಲಿಲ್ಲ. ಬೋರಲಿಂಗನ ಕೈ ಹಿಡಿದು ರಸ್ತೆ ದಾಟಿಸಿ ಪುಟ್ಟಸಿದ್ದಮ್ಮನ ಮುಂದೆ ನಿಲ್ಲಿಸಿ, ಆದದ್ದನ್ನು ಹೇಳಿದರು. ಪುಟ್ಟಸಿದ್ದಮ್ಮ ತಲೆ ಮೇಲೆ ಕೈ ಇಟ್ಟುಕೊಂಡು, ಯಾರೋ ನಿನಗೆ ಹಾಗೆ ಮಾಡು ಅಂದೋರು ಅಂತ ಕೇಳಿದಳು.

"ನೀನೇ ಕಣವ್ವ."

ಅದು ನಿಜವಾಗಿತ್ತು.

ಹೋಗುವ ಮುಂಚೆ ಸಾಬರು ಬೋರಲಿಂಗನಿಗೆ ಬುದ್ಧಿ ಹೇಳಿದರು. ನೋಡಪ್ಪ, ಗಾಳಿ ಬಂದೋಬಸ್ತಾಗಿ ಒಳಗಿದ್ದರೇ ಬೆಲೆ. ಬುಸ್ ಅಂತ ಶಬ್ದ ಎಲ್ಲಿಂದ ಬಂದರೂ ಅಲ್ಲೊಂದು ತೂತಿದೆ ಅಂತ ತಿಳಕೋ. ತೂತು ಕಂಡರೆ ಬಿಡಬೇಡ. ಉಜ್ಜು, ಸಲ್ಯೂಷನ್ ಹಚ್ಚು, ರಬ್ಬರ್ ತೇಪೆ ಅಂಟಿಸು, ಗಟ್ಟಿಯಾಗಿ ಒತ್ತು. ಒಂಚೂರೂ ಗಾಳಿ ಆಚೆ ಬರಬಾರದು ಅಂದರು. ಅವನು ಅಷ್ಟು ಗಮನ ಕೊಟ್ಟು ಕೇಳಿದ್ದು ನೋಡಿ ಪಾಪ ಅನ್ನಿಸಿ, ಒಂದು ಸಲ್ಯೂಷನ್ ಟ್ಯೂಬು, ನಾಲ್ಕು ತೇಪೆ ಅವನ ಜೇಬಿಗೇ ಹಾಕಿ ಕಳಿಸಿದರು. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟದ್ದು.

ಆಮೇಲೆ ಪುಟ್ಟಸಿದ್ದಮ್ಮ ತನ್ನ ದೊಡ್ಡಮ್ಮನ ಮಗಳು ಲಕ್ಕಮ್ಮನ ಕಾಲು ಹಿಡಿದಳು. ಲಕ್ಕಮ್ಮ ಹುಡುಗರ ಹಾಸ್ಟೆಲ್ಲಿನಲ್ಲಿ ಅಡುಗೆಯವಳು. ಮೂಟೆ ಹೊರೋಕೆ, ಪಾತ್ರೆ ಇಳಿಸೋಕೆ ಇರಲಿ ಬಿಡು ಅಂತ ಅವಳು ಒಪ್ಪಿಕೊಂಡಳು. ಆ ಅಡುಗೆಮನೆಯಲ್ಲಿ ಒಂದು ದೊಡ್ಡ ಕುಕ್ಕರು. ಬೋರಲಿಂಗನ ಸೊಂಟದವರೆಗೆ ಬರುವಂಥದು. ಒಂದೇ ಸಲಕ್ಕೆ ಇಡೀ ಹಾಸ್ಟೆಲ್ಲಿಗೆ ಬೇಳೆ ಬೇಯುತ್ತಿತ್ತು.

ಲಕ್ಕಮ್ಮ ಬೇಳೆ ಹಾಕಿ, ಮುಚ್ಚಳ ಬಿಗಿದು, ಹಬೆ ಬರಲಿ ಆಮೇಲೆ ಸೀಟಿಯ ಗುಂಡು ಹಾಕಿದರಾಯಿತು ಅಂತ ಕರಿಬೇವು ಬಿಡಿಸಲು ಹಿಂಬಾಗಿಲಿಗೆ ಹೋದಳು. ಬೋರಲಿಂಗ ಈರುಳ್ಳಿ ಸುಲಿಯುತ್ತಿದ್ದ. ಮುಚ್ಚಳದ ಮೇಲಿನ ಸಣ್ಣ ಕೊಳವೆಯಿಂದ ಬುಸ್ ಅಂತ ಶಬ್ದ ಬಂತು. ಕತ್ತು ತಿರುಗಿಸಿ ನೋಡಿದ. ತೂತು. ಅಲ್ಲಿಂದ ಗಾಳಿ ಧಾರಾಳವಾಗಿ ಆಚೆ ಹೋಗುತ್ತಿದೆ. ಎದ್ದು ಬಂದು, ಕೈಗೆ ಬಟ್ಟೆ ಸುತ್ತಿಕೊಂಡು ಕೊಳವೆಯ ಬಾಯನ್ನು ಉಜ್ಜಿದ, ಸಲ್ಯೂಷನ್ ಹಚ್ಚಿದ, ತೇಪೆ ಅಂಟಿಸಿದ. ಒಂದು ನಿಲ್ಲಲಿಲ್ಲ ಅಂತ ನಾಲ್ಕನ್ನೂ ಒಂದರ ಮೇಲೊಂದು ಅಂಟಿಸಿ, ಮೇಲೆ ತಂತಿ ಸುತ್ತಿ ಗಟ್ಟಿಯಾಗಿ ಒತ್ತಿದ. ಶಬ್ದ ನಿಂತಿತು. ಅವನಿಗೆ ಸಂತೋಷವಾಯಿತು. ತೋರಿಸೋಣ ಅಂತ ಲಕ್ಕಮ್ಮನನ್ನು ಕರೆಯಲು ಹಿಂಬಾಗಿಲಿಗೆ ಹೋದ. ಹೋದದ್ದೇ ಪುಣ್ಯ.

ಗುಂಡು ಹಾಕಿದ ಕುಕ್ಕರಿಗೆ ಗುಂಡನ್ನಾದರೂ ಎತ್ತಿ ಉಸಿರು ಬಿಡಲು ದಾರಿ ಇರುತ್ತದೆ. ಇದಕ್ಕೆ ಅದೂ ಇರಲಿಲ್ಲ. ಒಳಗೆ ಹಬೆ ಹುಟ್ಟುತ್ತಲೇ ಇತ್ತು, ಹೋಗುವುದಕ್ಕೆ ಜಾಗ ಇರಲಿಲ್ಲ. ಕೊನೆಗೆ, ಪ್ರೆಷರ್ ಮೀರಿದರೆ ಕಿತ್ತುಕೊಳ್ಳಲಿ ಅಂತಲೇ ಮುಚ್ಚಳಕ್ಕೆ ಇಟ್ಟಿದ್ದ ಬಿರಟೆ ಹಾರಿತು. ಬೇಳೆಯೆಲ್ಲ ಒಂದೇ ಕಂಬವಾಗಿ ಎದ್ದು ಸೂರಿಗೆ ಅಂಟಿಕೊಂಡಿತು. ಯಾರಿಗೂ ಒಂದು ಹನಿ ಸಿಡಿಯಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಮಕ್ಕಳು ಅನ್ನದ ತಟ್ಟೆ ಹಿಡಿದುಕೊಂಡು, ಎಲ್ಲಿ ಹೆಚ್ಚಾಗಿ ಸುರಿಯುತ್ತಿದೆ ನೋಡಿ ಅದರ ಕೆಳಗೆ ಸಾಲಾಗಿ ನಿಂತರಂತೆ.

ಲಕ್ಕಮ್ಮ ಬೋರಲಿಂಗನನ್ನು ಕರಕೊಂಡು ಬಂದಾಗ ಅವಳ ತುರುಬಿನಲ್ಲಿ ಸೂರಿನಿಂದ ತೊಟ್ಟಿಕ್ಕಿದ ಬೇಳೆ ಇನ್ನೂ ಇತ್ತು. ಅಕ್ಕ, ಇವನನ್ನು ನೀನೇ ಇಟ್ಟುಕೋ ಅಂದಳು. ಅವನಿಗೂ ಹೇಳಿದಳು. ಬುಸುಗುಟ್ಟುವುದನ್ನು ಮುಚ್ಚಬಾರದು ಕಣೋ ಮಗನೇ. ಒಳಗೆ ಪ್ರೆಷರ್ ಏರಿದೆ ಅಂತ ಅದೇ ಹೇಳಿಕೊಳ್ಳುವುದು ಹಾಗೆ. ಬುಸುಗುಟ್ಟುತ್ತಿದ್ದರೆ ಮೊದಲು ಮೆಲ್ಲಗೆ ಎತ್ತಿ ಕೆಳಗೆ ಇಳಿಸು. ಮೇಲೆ ಒಂದು ಕೊಡ ತಣ್ಣೀರು ಹುಯ್ಯಿ. ಪೂರಾ ತಣ್ಣಗಾಗುವವರೆಗೆ ಯಾರು ಏನೇ ಹೇಳಲಿ, ಮುಚ್ಚಳ ತೆಗೆಯೋಕೆ ಬಿಡಬೇಡ ಅಂದಳು. ಬೋರಲಿಂಗ ಹೂಂ ಅಂದ.

ಹೀಗೇ ಬಿಟ್ಟರೆ ಇವನು ಕಾಡುಪಾಲಾಗುತ್ತಾನೆ, ಒಂದು ಮದುವೆ ಮಾಡಿದರೆ ಬರುವವಳಾದರೂ ತಿದ್ದಿಯಾಳು ಅಂತ ಪುಟ್ಟಸಿದ್ದಮ್ಮನಿಗೆ ಅನ್ನಿಸತೊಡಗಿತು. ಊರಿಗೆ ನೀರು ಬಿಡುವ ಓಬಳಯ್ಯನಿಗೆ ಮದುವೆ ವಯಸ್ಸಿನ ಮಗಳಿದ್ದಳು. ಗುಡ್ಡದ ತುದಿಯಲ್ಲಿ ನೀರಿನ ಟ್ಯಾಂಕು. ದಿನಾ ಹತ್ತಿ ಹೋಗಿ ವಾಲ್ವು ತಿರುಗಿಸಿ ಊರಿಗೆ ನೀರು ಬಿಡುವುದು ಅವನ ಕೆಲಸ. ಒಂದು ಮಧ್ಯಾಹ್ನ ಹುಡುಗನನ್ನು ನೋಡಿ ಹೋಗುತ್ತೇನೆ ಅಂತ ಹೇಳಿ ಕಳಿಸಿದ.

ಪುಟ್ಟಸಿದ್ದಮ್ಮ ಮನೆ ಸಾರಿಸಿದಳು. ಮಗನಿಗೆ ತೊಳೆದ ಅಂಗಿ ಹಾಕಿಸಿದಳು. ದೇವರಾಣೆಗೂ ಬಾಯಿ ಬಿಡಬೇಡ ಅಂತ ಹೇಳಿದಳು. ಬೋರಲಿಂಗ ಬಾಯಿ ಬಿಡಲಿಲ್ಲ, ಆ ಮಾತು ಅವನ ಮೇಲೆ ಬರುವ ಹಾಗಿಲ್ಲ.

ಓಬಳಯ್ಯ ಗುಡ್ಡ ಇಳಿದು ಉರಿಬಿಸಿಲಲ್ಲಿ ನೇರವಾಗಿ ಬಂದಿದ್ದ. ದಪ್ಪ ಆಳು. ತಲೆಗೆ ದೊಡ್ಡ ರುಮಾಲು. ಜಗಲಿಯ ಮೇಲೆ ಕೂತು ಬೆವರು ಒರೆಸಿಕೊಂಡ. ಮುಖ ಕೆಂಪಗೆ ಕಾದಿತ್ತು. ಮೂಗಿನಲ್ಲಿ ಬುಸ್ ಬುಸ್ ಅಂತ ಉಸಿರು ಬಿಡುತ್ತಿದ್ದ. ಪುಟ್ಟಸಿದ್ದಮ್ಮ ಕಾಫಿಗೆ ಇಡಲು ಒಳಗೆ ಹೋದಳು. ಸಕ್ಕರೆ ಹಾಕಿ ಕದಡುತ್ತಿದ್ದಾಗ ಹೊರಗೆ ಧೊಪ್ಪನೆ ನೀರು ಸುರಿದ ಶಬ್ದ ಕೇಳಿಸಿತು. ಲೋಟ ಹಿಡಿದುಕೊಂಡೇ ಬಂದಳು.

ಓಬಳಯ್ಯ ಜಗಲಿಯ ಮೇಲಿರಲಿಲ್ಲ. ಕೆಳಗೆ ನೆಲದ ಮೇಲೆ ಕಾಲು ಚಾಚಿ ಕೂತಿದ್ದ, ಮೈಯೆಲ್ಲ ತೊಪ್ಪೆಯಾಗಿತ್ತು. ಪಕ್ಕದಲ್ಲಿ ಖಾಲಿ ಕೊಡ. ಅವನು ರುಮಾಲು ಬಿಚ್ಚಿ ಹಿಂಡಿಕೊಳ್ಳಲು ಕೈ ಎತ್ತುತ್ತಿದ್ದ. ಬೋರಲಿಂಗ ಎರಡೂ ಕೈಯಿಂದ ಆ ರುಮಾಲನ್ನು ತಲೆಗೆ ಒತ್ತಿ ಹಿಡಿದಿದ್ದ. ಅವ್ವನನ್ನು ಕಂಡು ಕಣ್ಣಿನಲ್ಲೇ, ಇನ್ನೂ ಬಿಸಿ ಇದೆ ಅಂತ ಸನ್ನೆ ಮಾಡಿದ. ಬಾಯಿ ಬಿಡುವ ಹಾಗಿರಲಿಲ್ಲವಲ್ಲ.

ಪುಟ್ಟಸಿದ್ದಮ್ಮನಿಗೆ ಏನು ಮಾಡಲೂ ತೋಚಲಿಲ್ಲ. ಕಾಫಿ ಲೋಟವನ್ನು ಓಬಳಯ್ಯನ ಮುಂದೆ ಇಟ್ಟಳು. ಮಗನಿಗೆ ಕೈ ತೆಗೆಯಲು ಹೇಳಿದಳು, ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಓಬಳಯ್ಯ ರುಮಾಲು ಬಿಚ್ಚಿ ಹಿಂಡಿಕೊಂಡು, ಇದನ್ನು ಯಾರು ಕಲಿಸಿದ್ದು ಅಂತ ಕೇಳಿದ. ಅವಳು ಮುಚ್ಚಿಡಲಿಲ್ಲ. ಎಣ್ಣೆ ಡಬ್ಬದಿಂದ ಹಿಡಿದು ಬೇಳೆಯವರೆಗೆ ಎಲ್ಲವನ್ನೂ ಹೇಳಿದಳು. ಹೇಳುತ್ತಾ ಹೇಳುತ್ತಾ ಅವಳಿಗೆ ಅಳು ಬಂತು. ಕೇಳುತ್ತಾ ಕೇಳುತ್ತಾ ಓಬಳಯ್ಯನ ಒದ್ದೆ ಹೊಟ್ಟೆ ಕುಲುಕತೊಡಗಿತು.

ಅವನು ಕಾಫಿ ಕುಡಿದು ಮುಗಿಸಿ ಹೇಳಿದ. "ನೋಡಮ್ಮ, ಮಗಳನ್ನು ಕೊಡೋ ಮಾತು ಬೇಡ. ಕೆಲಸ ಬೇಕಾದರೆ ಕೊಡ್ತೀನಿ."

ಜಗಲಿಯಿಂದ ತನ್ನನ್ನು ಎಳೆಕೂಸನ್ನು ಎತ್ತಿದ ಹಾಗೆ ಎತ್ತಿ ಕೆಳಗಿಟ್ಟನಲ್ಲ, ಆ ತೋಳು ತನಗೆ ಬೇಕು ಅಂದ. ಟ್ಯಾಂಕಿನ ವಾಲ್ವು ತುಕ್ಕು ಹಿಡಿದು ಬಿಗಿಯಾಗಿದೆ, ತನ್ನ ಕೈಯಲ್ಲಿ ಆಗುತ್ತಿಲ್ಲ. ಪಂಚಾಯಿತಿಯಲ್ಲಿ ಹೇಳಿ ಜೊತೆಗೆ ಹಾಕಿಸಿಕೊಳ್ಳುತ್ತೇನೆ. ಆದರೆ ಒಂದೇ ಒಂದು ಷರತ್ತು. ಬೋರಲಿಂಗನ ಕಡೆ ತಿರುಗಿ, ನಾನು ಹೇಳದೆ ಯಾವುದನ್ನೂ ಮುಟ್ಟಬೇಡ, ಆಕಾಶ ಕಳಚಿ ಬಿದ್ದರೂ ಸರಿ, ಕೈ ಹಿಂದೆ ಕಟ್ಟಿಕೊಂಡು ನಿಂತಿರು ಅಂದ.

ಅಲ್ಲಿಯವರೆಗೆ ಪುಟ್ಟಸಿದ್ದಮ್ಮ ಎಲ್ಲರನ್ನೂ ತಾನೇ ಬೇಡಿಕೊಂಡಿದ್ದಳು. ನಿನ್ನ ಮಗ ಬೇಕು ಅಂತ ಅವಳನ್ನು ಕೇಳಿದವನು ಇವನೊಬ್ಬನೇ.

ಬೋರಲಿಂಗ ಗುಡ್ಡ ಹತ್ತತೊಡಗಿದ. ಓಬಳಯ್ಯ ತಿರುಗಿಸು ಅಂದರೆ ತಿರುಗಿಸುತ್ತಿದ್ದ, ನಿಲ್ಲಿಸು ಅಂದರೆ ನಿಲ್ಲಿಸುತ್ತಿದ್ದ. ಊರಿಗೆ ಹೊತ್ತಿಗೆ ಸರಿಯಾಗಿ ನೀರು ಬಂತು. ಪುಟ್ಟಸಿದ್ದಮ್ಮ ಇಡ್ಲಿ ತಟ್ಟೆ ಇಳಿಸುತ್ತಾ ಒಮ್ಮೊಮ್ಮೆ ಗುಡ್ಡದ ಕಡೆ ಕಣ್ಣೆತ್ತಿದರೆ, ಟ್ಯಾಂಕಿನ ಪಕ್ಕದಲ್ಲಿ ಮಗ ಗುಬ್ಬಿಯಷ್ಟು ಚಿಕ್ಕದಾಗಿ ಕೂತಿರುವುದು ಕಾಣುತ್ತಿತ್ತು. ಅವಳ ಎದೆ ಹಗುರವಾಗುತ್ತಿತ್ತು. ಹೀಗೇ ಮಳೆಗಾಲ ಕಳೆದು ಚಳಿ ಬಂತು.

ಒಂದು ಬೆಳಿಗ್ಗೆ ಓಬಳಯ್ಯ, ನೀರು ಬಿಟ್ಟಾಯಿತು, ನಾನು ನೆಂಟರ ಊರಿಗೆ ಹೋಗಿ ಬರುತ್ತೇನೆ ಅಂತ ಬಸ್ಸು ಹತ್ತಿದ. ಬೋರಲಿಂಗ ಇಡ್ಲಿ ತಿನ್ನಲು ಅವ್ವನ ಅಂಗಡಿಗೆ ಇಳಿದು ಬಂದ. ಅವನು ಕೈ ತೊಳೆಯುವಷ್ಟರಲ್ಲಿ ಗುಡ್ಡದ ಬುಡದ ಪೈಪು ಒಡೆಯಿತು. ನೀರು ಬಸ್ಸಿನ ಟಾಪಿಗಿಂತ ಎತ್ತರಕ್ಕೆ ಚಿಮ್ಮಿತು. ಜನ ಓಡಿ ಬಂದರು. ಬೋರಲಿಂಗನೂ ಹೋದ. ಹೋಗಿ ಕೈ ಹಿಂದೆ ಕಟ್ಟಿಕೊಂಡು ನಿಂತ.

ಹತ್ತಿ ಹೋಗಿ ವಾಲ್ವು ನಿಲ್ಲಿಸೋ ಅಂದರು ಜನ. ಓಬಳಯ್ಯನವರು ಹೇಳಿಲ್ಲ ಅಂದ ಇವನು. ಬೇರೆ ಇಬ್ಬರು ಹತ್ತಿ ಹೋಗಿ ತಿರುಗಿಸಿ ನೋಡಿದರು, ಅವರ ಕೈಗೆ ಅದು ಅಲುಗಲಿಲ್ಲ. ಸಾಬರು ಬಂದು ಹೇಳಿದರು, ಲಕ್ಕಮ್ಮ ಬಂದು ಹೇಳಿದಳು. ಕೊನೆಗೆ ಪುಟ್ಟಸಿದ್ದಮ್ಮನೇ ಬಂದು ಗಲ್ಲ ಹಿಡಿದು ಕೇಳಿಕೊಂಡಳು. ಅವನ ಕಣ್ಣಲ್ಲಿ ನೀರು ತುಂಬಿಕೊಂಡಿತು. ಬೆನ್ನ ಹಿಂದೆ ಒಂದು ಕೈಯನ್ನು ಇನ್ನೊಂದು ಕೈ ಬಿಗಿಯಾಗಿ ಹಿಡಿದುಕೊಂಡಿತ್ತು. ಅವನು ಅಲ್ಲಾಡಲಿಲ್ಲ. ನೀರು ಪುಟ್ಟಸಿದ್ದಮ್ಮನ ಅಂಗಡಿಗೆ ನುಗ್ಗಿ ಒಲೆ ಆರಿಸಿತು. ನಾಳೆಯ ಹಿಟ್ಟಿನ ಪಾತ್ರೆ ತೇಲಿಕೊಂಡು ಹೋಗಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಿತು. ಟ್ಯಾಂಕು ಪೂರ್ತಿ ಖಾಲಿಯಾದ ಮೇಲೆ ಪೈಪು ತಾನಾಗಿಯೇ ಸುಮ್ಮನಾಯಿತು.

ಸಂಜೆ ಬಂದ ಓಬಳಯ್ಯ ಹೊಡೆಯಲು ಕೈ ಎತ್ತಿದ. ಎತ್ತಿದ ಕೈ ಇಳಿಸಿ, ತಾನು ಹೇಳಿದ್ದನ್ನೇ ಮಾಡಿದ್ದಾನೆ ಅಂತ ನೆನೆದು, ಅವನನ್ನು ಒಡೆದ ಪೈಪಿನ ಹತ್ತಿರ ಕೂರಿಸಿಕೊಂಡ. ಪುಟ್ಟಸಿದ್ದಮ್ಮ ಕೆಸರು ಬಾಚುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು.

ಓಬಳಯ್ಯ ಹೇಳಿದ. ಪೈಪು ಯಾವಾಗಲೂ ಇಲ್ಲಿ ಬುಡದಲ್ಲೇ ಯಾಕೆ ಒಡೆಯುತ್ತೆ ಗೊತ್ತಾ? ಮೇಲಿನ ನೀರೆಲ್ಲ ಕೆಳಗಿನ ನೀರಿನ ಮೇಲೆ ಕೂತಿರುತ್ತೆ. ಕೆಳಕ್ಕೆ ಬಂದಷ್ಟೂ ಭಾರ ಜಾಸ್ತಿ, ಭಾರ ಜಾಸ್ತಿ ಆದಷ್ಟೂ ಪ್ರೆಷರ್ ಜಾಸ್ತಿ. ಗಾಳಿನೂ ಅಷ್ಟೇ. ನಮ್ಮ ತಲೆ ಮೇಲೂ ಆಕಾಶದವರೆಗೆ ಗಾಳಿ ಕೂತಿದೆ, ಎತ್ತರಕ್ಕೆ ಹೋದಷ್ಟೂ ಅದು ಕಡಿಮೆ. ಕೆಳಗಿರೋರಿಗೇ ಯಾವಾಗಲೂ ಜಾಸ್ತಿ ಭಾರ ಕಣಪ್ಪ. ಬೋರಲಿಂಗ ಗುಡ್ಡ ನೋಡಿದ, ಆಕಾಶ ನೋಡಿದ. ಆಮೇಲೆ ಕೆಸರು ಬಾಚುತ್ತಿದ್ದ ಅವ್ವನನ್ನು ನೋಡಿದ.

"ಇನ್ನು ಮೇಲೆ ಪ್ರೆಷರ್ ಜಾಸ್ತಿ ಅಂತ ಯಾರೇ ಅನ್ನಲಿ, ಇನ್ನೊಂದು ಮಾತು ಕೇಳಬೇಡ. ಯಾರ ಅಪ್ಪಣೆಗೂ ಕಾಯಬೇಡ. ನೇರ ಗುಡ್ಡ ಹತ್ತು. ಹತ್ತಿದರೆ ಎಲ್ಲಾ ಸರಿಹೋಗುತ್ತೆ. ತಿಳೀತಾ?"

"ತಿಳೀತು."

ಕೆಸರು ಬಾಚಿದ್ದಕ್ಕೋ, ಒಂದು ವಾರ ಒಲೆ ಹಚ್ಚಲಾಗದ ಚಿಂತೆಗೋ, ಪುಟ್ಟಸಿದ್ದಮ್ಮನ ತಲೆಸುತ್ತು ಜಾಸ್ತಿಯಾಯಿತು. ಮತ್ತೆ ಅಂಗಡಿ ತೆರೆದ ಬೆಳಿಗ್ಗೆಯೇ ಇಡ್ಲಿ ತಟ್ಟೆ ಇಳಿಸುತ್ತಾ ಹಾಗೇ ಕುಸಿದಳು. ಬೋರಲಿಂಗ ಅವಳನ್ನು ಎರಡು ಕೈಯಲ್ಲಿ ಎತ್ತಿಕೊಂಡು ಶ್ರೀಪಾದ ಡಾಕ್ಟರ ಹತ್ತಿರ ಓಡಿದ. ಡಾಕ್ಟರ ಶಾಪು ಗುಡ್ಡದ ಮೆಟ್ಟಿಲು ಶುರುವಾಗುವಲ್ಲೇ ಇತ್ತು. ಡಾಕ್ಟರು ಸ್ವಲ್ಪ ವಯಸ್ಸಾದವರು, ಸ್ವಲ್ಪ ದಪ್ಪ, ಮಾತು ಮೆಲ್ಲಗೆ.

ಮುಖಕ್ಕೆ ನೀರು ಚಿಮುಕಿಸಿದ ಮೇಲೆ ಪುಟ್ಟಸಿದ್ದಮ್ಮನಿಗೆ ಎಚ್ಚರವಾಯಿತು. ಡಾಕ್ಟರು ಅವಳ ತೋಳಿಗೆ ಪಟ್ಟಿ ಸುತ್ತಿದರು. ಪಟ್ಟಿಯಿಂದ ಒಂದು ರಬ್ಬರ್ ಕೊಳವೆ ಅವರ ಮಡಿಲಲ್ಲಿದ್ದ ಪೆಟ್ಟಿಗೆಗೆ ಹೋಗಿತ್ತು. ಪೆಟ್ಟಿಗೆಯ ಗಾಜಿನ ನಳಿಕೆಯಲ್ಲಿ ಪಾದರಸ. ಡಾಕ್ಟರು ಕೈಯಲ್ಲಿದ್ದ ರಬ್ಬರ್ ಬುರುಡೆ ಒತ್ತಿ ಒತ್ತಿ ಗಾಳಿ ತುಂಬಿದರು, ಪಾದರಸ ಏರಿತು. ಗಾಳಿ ಬಿಟ್ಟರು, ಇಳಿಯಿತು. ಮತ್ತೆ ತುಂಬಿ ನೋಡಿದರು. ಹುಬ್ಬು ಗಂಟಿಕ್ಕಿದರು.

"ಪ್ರೆಷರ್ ತುಂಬಾ ಜಾಸ್ತಿ ಇದೆಯಲ್ಲಮ್ಮ."

ಉಪ್ಪು ಕಡಿಮೆ ಮಾಡು, ಮಾತ್ರೆ ತಗೋ, ಒಂದು ತಿಂಗಳು ಒಲೆ ಮುಂದೆ ನಿಲ್ಲಬೇಡ, ಹತ್ತುವುದು ಇಳಿಯುವುದು ಬೇಡ ಅಂತ ಅವರು ಹೇಳುವವರಿದ್ದರು. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕುರ್ಚಿ ಖಾಲಿಯಾಗಿತ್ತು. ಬೋರಲಿಂಗ ಅವ್ವನನ್ನು ಬೆನ್ನಿಗೆ ಹಾಕಿಕೊಂಡು ಬಾಗಿಲು ದಾಟಿದ್ದ.

ತೋಳಿನ ಪಟ್ಟಿ ಬಿಚ್ಚಿರಲಿಲ್ಲ. ಕೊಳವೆ ಬಿಗಿಯಾಯಿತು. ಪೆಟ್ಟಿಗೆ ಮಡಿಲಿನಿಂದ ಎದ್ದಿತು. ಬಿಟ್ಟರೆ ಗಾಜು ಒಡೆಯುತ್ತದೆ ಅಂತ ಡಾಕ್ಟರು ಅದನ್ನು ಅಪ್ಪಿ ಹಿಡಿದುಕೊಂಡು ಹಿಂದೆಯೇ ಹೊರಟರು. ನಿಲ್ಲಪ್ಪ ಅಂದರು. ಯಾರ ಅಪ್ಪಣೆಗೂ ಕಾಯಬೇಡ ಅಂತ ಹೇಳಿದ್ದರಲ್ಲ, ಅವನು ನಿಲ್ಲಲಿಲ್ಲ. ಮುಂದೆ ಬೋರಲಿಂಗ, ಅವನ ಬೆನ್ನ ಮೇಲೆ ಪುಟ್ಟಸಿದ್ದಮ್ಮ, ಅವಳ ತೋಳಿಗೆ ಕಟ್ಟಿದ ಕೊಳವೆಯ ಕೊನೆಯಲ್ಲಿ ಡಾಕ್ಟರು, ಹೀಗೆ ಮೂವರೂ ಗುಡ್ಡದ ಮೆಟ್ಟಿಲು ಹತ್ತುವುದನ್ನು ಬಸ್‌ಸ್ಟ್ಯಾಂಡಿನ ಜನ ನೋಡಿದರು. ಹರಕೆ ಇರಬೇಕು ಅಂದುಕೊಂಡರು.

ಪುಟ್ಟಸಿದ್ದಮ್ಮನಿಗೆ ಮೊದಲು ಗಾಬರಿಯಾಯಿತು. ಎಲ್ಲಿಗೋ ಅಂತ ಕೇಳಿದಳು. ಮೇಲಕ್ಕೆ ಅಂದ. ಅವಳಿಗೆ ಬೈಯಲು ಶಕ್ತಿ ಇರಲಿಲ್ಲ. ಮಗನ ಬೆನ್ನು ಅಗಲವಾಗಿತ್ತು, ಬೆಚ್ಚಗಿತ್ತು. ಯಾರಾದರೂ ತನ್ನನ್ನು ಹೊತ್ತು ಎಷ್ಟು ಕಾಲವಾಯಿತು ಅಂತ ನೆನೆಸಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ. ಅವನ ಹೆಗಲ ಮೇಲೆ ಕೆನ್ನೆ ಇಟ್ಟುಕೊಂಡಳು.

ತುದಿ ತಲುಪಿದ ಮೇಲೆ ಬೋರಲಿಂಗ ಅವಳನ್ನು ಟ್ಯಾಂಕಿನ ನೆರಳಿನಲ್ಲಿ ಮೆಲ್ಲಗೆ ಇಳಿಸಿ ಗೋಡೆಗೆ ಒರಗಿಸಿ ಕೂರಿಸಿದ. ಡಾಕ್ಟರು ಪೆಟ್ಟಿಗೆಯನ್ನು ಹುಷಾರಾಗಿ ಕಲ್ಲಿನ ಮೇಲಿಟ್ಟು, ತಾವು ಅದರ ಪಕ್ಕದಲ್ಲಿ ಮಲಗಿಬಿಟ್ಟರು. ತಣ್ಣನೆ ಗಾಳಿ ಬೀಸುತ್ತಿತ್ತು. ಕೆಳಗೆ ಬಸ್‌ಸ್ಟ್ಯಾಂಡು ಅಂಗೈಯಗಲ. ಪುಟ್ಟಸಿದ್ದಮ್ಮ ತನ್ನ ಅಂಗಡಿ ಎಲ್ಲಿದೆ ಅಂತ ಹುಡುಕಿದಳು. ಬುಡದಲ್ಲೇ ಇಷ್ಟು ವರ್ಷ ಇದ್ದೂ ಅವಳು ಈ ಗುಡ್ಡವನ್ನು ಒಮ್ಮೆಯೂ ಹತ್ತಿರಲಿಲ್ಲ. ಒಲೆ ಬಿಟ್ಟು ಬರಲು ಪುರುಸೊತ್ತು ಎಲ್ಲಿತ್ತು.

"ಇಲ್ಲಿಗೆ ಯಾಕೋ ಕರ್ಕೊಂಡು ಬಂದೆ ಮಗ?"

"ಕೆಳಗಿರೋರ ಮೇಲೆ ಭಾರ ಜಾಸ್ತಿ ಅಂತೆ ಕಣವ್ವ. ಇಲ್ಲಿ ಕಮ್ಮಿ."

ಪುಟ್ಟಸಿದ್ದಮ್ಮ ಸೆರಗಿನಿಂದ ಅವನ ಹಣೆಯ ಬೆವರು ಒರೆಸಿದಳು. ಮಗನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಕೂತಳು.

ಬಹಳ ಹೊತ್ತಿನ ಮೇಲೆ ಡಾಕ್ಟರು ಎದ್ದು ಕೂತರು. ಬಂದದ್ದು ಬಂದಾಯಿತು, ಒಮ್ಮೆ ನೋಡಿಬಿಡೋಣ ಅಂತ ಅವಳ ತೋಳಿನ ಪಟ್ಟಿಗೆ ಗಾಳಿ ತುಂಬಿದರು. ಪಾದರಸ ನೋಡಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ಇಳಿದಿದೆಯಲ್ಲ ಅಂದರು. ಗಾಳಿಯ ಒತ್ತಡಕ್ಕೂ ರಕ್ತದ ಒತ್ತಡಕ್ಕೂ ಸಂಬಂಧ ಇಲ್ಲ, ಇದು ಕೂತು ಸುಧಾರಿಸಿಕೊಂಡದ್ದರಿಂದ ಇಳಿದದ್ದು, ಗುಡ್ಡ ಹತ್ತಿದ್ದರಿಂದಲ್ಲ, ಮಾತ್ರೆ ತಪ್ಪಿಸುವ ಹಾಗೇ ಇಲ್ಲ ಅಂತ ನಿಧಾನವಾಗಿ ವಿವರಿಸಿದರು. ಪುಟ್ಟಸಿದ್ದಮ್ಮ ತಲೆ ಆಡಿಸಿದಳು. ಇಳಿದಿದೆ ಅಂದದ್ದು ಬೋರಲಿಂಗನ ಕಿವಿಗೆ ಬಿದ್ದಿತ್ತು. ಮಿಕ್ಕದ್ದು ಅವನಿಗೆ ಬೇಕಿರಲಿಲ್ಲ.

ಆಮೇಲೆ ಡಾಕ್ಟರು ಪಟ್ಟಿ ಬಿಚ್ಚಿದರು. ತಮ್ಮ ಎದೆ ಇನ್ನೂ ಡವಡವ ಅನ್ನುತ್ತಿತ್ತು. ಯಾಕೋ ಅನುಮಾನ ಬಂದು ಆ ಪಟ್ಟಿಯನ್ನು ತಮ್ಮ ತೋಳಿಗೇ ಸುತ್ತಿಕೊಂಡರು. ಬುರುಡೆ ಒತ್ತಿದರು. ಪಾದರಸ ಏರಿತು, ಏರಿ ನಿಂತಿತು.

"ಅಯ್ಯೋ, ನನ್ನ ಪ್ರೆಷರ್ ನಿನಗಿಂತ ಜಾಸ್ತಿ ಆಗಿದೆಯಲ್ಲಮ್ಮ" ಅಂದರು ಡಾಕ್ಟರು.

ಮೆಲ್ಲಗೆ ಹೇಳಿ ಡಾಕ್ಟರೇ ಅನ್ನಬೇಕು ಅಂದುಕೊಂಡಳು ಪುಟ್ಟಸಿದ್ದಮ್ಮ. ಅವಳ ಮಡಿಲಿನಿಂದ ಮಗನ ಕೈ ಆಗಲೇ ಜಾರಿತ್ತು.

ಬೋರಲಿಂಗ ಸುತ್ತ ನೋಡಿದ. ಗುಡ್ಡ ಮುಗಿದಿತ್ತು. ಅದಕ್ಕಿಂತ ಮೇಲೆ ಇದ್ದದ್ದು ಟ್ಯಾಂಕು ಒಂದೇ, ಅದಕ್ಕೊಂದು ಕಬ್ಬಿಣದ ಏಣಿ. ಡಾಕ್ಟರನ್ನು ಒಂದು ಹೆಗಲಿಗೆ ಹಾಕಿಕೊಂಡ, ಪೆಟ್ಟಿಗೆಯನ್ನು ಅವರ ಕೈಗೆ ಕೊಟ್ಟ, ಏಣಿ ಹತ್ತಿದ. ಟ್ಯಾಂಕಿನ ನೆತ್ತಿಯ ಮೇಲೆ ಅವರನ್ನು ನಿಲ್ಲಿಸಿ, ಈಗ ಎಷ್ಟಿದೆ ಅಂತ ವಿನಯದಿಂದ ಕೇಳಿದ.

ಡಾಕ್ಟರು ಒಂದು ಸಲ ಕೆಳಗೆ ನೋಡಿದರು. ಕಣ್ಣು ಮುಚ್ಚಿಕೊಂಡರು. ಅವನ ತೋಳನ್ನು ಬಿಗಿಯಾಗಿ ಹಿಡಿದುಕೊಂಡರು.

"ಇಳಿಸಪ್ಪ" ಅಂದರು. "ನಿನ್ನ ದಮ್ಮಯ್ಯ, ಇಳಿಸು."

ಇನ್ನೂ ಇಳಿಸಬೇಕಂತೆ ಕಣವ್ವ ಅಂತ ಬೋರಲಿಂಗ ಅಲ್ಲಿಂದಲೇ ಕೂಗಿ ಹೇಳಿದ. ಡಾಕ್ಟರನ್ನು ಎತ್ತಿ ಕತ್ತಿನ ಮೇಲೆ ಕೂರಿಸಿಕೊಂಡು, ತುದಿಗಾಲಲ್ಲಿ ನಿಂತ.